ಎಸಿಎಲ್ ಆಪರೇಷನ್: ಹೊಸ ಲಿಗಮೆಂಟ್ ಹಿಡಿದಿಡುವುದು ಸ್ಕ್ರೂನೋ, ಬಟನ್ನೋ?

ರಜಾ ದಿನದ ಕ್ರಿಕೆಟ್ಟಿನಲ್ಲೋ ಫುಟ್‌ಬಾಲಿನಲ್ಲೋ ಕಾಲು ತಿರುಚಿ, ‘ಟಕ್’ ಅಂತ ಶಬ್ದ ಬಂದು ಮೊಣಕಾಲು ಊದಿಕೊಂಡರೆ ಎಂಆರ್‌ಐ ರಿಪೋರ್ಟಿನಲ್ಲಿ ಹೆಚ್ಚಾಗಿ ಕಾಣುವುದು ಎಸಿಎಲ್ ಟೇರ್. ತೊಡೆಮೂಳೆಯನ್ನು ಕೆಳಗಿನ ಟಿಬಿಯಾ ಮೂಳೆಗೆ ಕಟ್ಟಿರುವ ಲಿಗಮೆಂಟ್ ಇದು. ಪೂರ್ತಿ ಹರಿದು ಕಾಲು ಪದೇ ಪದೇ ಜಾರುತ್ತಿದ್ದರೆ ನಮ್ಮದೇ ದೇಹದ ಟೆಂಡನ್ ತೆಗೆದು ಹೊಸದು ಮಾಡುತ್ತಾರೆ. ಅದೇ ಗ್ರಾಫ್ಟ್. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಅಥವಾ ಮಂಡಿಚಿಪ್ಪಿನ ಕೆಳಗಿನ ಪಟೆಲ್ಲಾರ್ ಟೆಂಡನ್ ಹೆಚ್ಚು ಬಳಕೆಯಲ್ಲಿವೆ.

ಆಸ್ಪತ್ರೆಯ ಎಸ್ಟಿಮೇಟಿನಲ್ಲಿ ‘ಇಂಪ್ಲಾಂಟ್’ ಅಂತ ಒಂದೇ ಸಾಲು ಇರುತ್ತದೆ, ಮೊತ್ತ ಮಾತ್ರ ದೊಡ್ಡದು. ಏನದು? ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು ಗ್ರಾಫ್ಟನ್ನು ಅದರೊಳಗೆ ಹಾಯಿಸುತ್ತಾರೆ. ಮೂಳೆ ಅದನ್ನು ತಾನೇ ಹಿಡಿದುಕೊಳ್ಳುವವರೆಗೆ ಎರಡೂ ತುದಿಗಳನ್ನು ಬಿಗಿಯಾಗಿಡಬೇಕು. ಸೈಟಿನಲ್ಲಿ ಕೆಲಸ ಮಾಡುವವರಿಗೆ ಬೇಗ ಅರ್ಥವಾಗುತ್ತದೆ: ಇಂಪ್ಲಾಂಟ್ ಅಂದರೆ ಶಟರಿಂಗ್, ಕಾಂಕ್ರೀಟ್ ಗಟ್ಟಿಯಾಗುವ ತನಕ ಆಧಾರ. ಪಟೆಲ್ಲಾರ್ ಗ್ರಾಫ್ಟಿನ ತುದಿಗಳಲ್ಲಿ ಮೂಳೆಯ ತುಂಡೇ ಇರುವುದರಿಂದ ಸುಮಾರು 6ರಿಂದ 8 ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಹ್ಯಾಮ್‌ಸ್ಟ್ರಿಂಗಿಗೆ 8ರಿಂದ 12 ವಾರ ಬೇಕು.

ಇಂಟರ್‌ಫರೆನ್ಸ್ ಸ್ಕ್ರೂ ಸುರಂಗದೊಳಗೆ ಗ್ರಾಫ್ಟಿನ ಪಕ್ಕದಲ್ಲಿ ಬೆಣೆಯಂತೆ ಕೂರುತ್ತದೆ. ಟೈಟಾನಿಯಂ ಸ್ಕ್ರೂ ಗಟ್ಟಿ. ಅದಿದ್ದರೂ ಎಂಆರ್‌ಐ ಮಾಡಿಸಬಹುದು, ಸ್ಕ್ರೂ ಸುತ್ತಮುತ್ತ ಚಿತ್ರ ಮಸುಕಾಗುತ್ತದೆ ಅಷ್ಟೇ. ಕರಗುವ ಬಯೋಸ್ಕ್ರೂನಲ್ಲಿ ಆ ತೊಂದರೆ ಇಲ್ಲ. ಆದರೆ ಹಾಕುವಾಗ ಮುರಿಯುವ ಸಾಧ್ಯತೆ ಇದೆ, ಪೂರ್ತಿ ಕರಗಲು ವರ್ಷಗಳೇ ಹಿಡಿಯಬಹುದು, ಕೆಲವರಿಗೆ ಅಲ್ಲಿ ದ್ರವದ ಗಂಟು ಆಗುತ್ತದೆ. ‘ಕರಗುತ್ತೆ’ ಅನ್ನೋ ಮಾತಿಗೆ ಮರುಳಾಗಿ ಹೆಚ್ಚು ಹಣ ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಕಾಲು ಎಷ್ಟು ಸ್ಥಿರವಾಗುತ್ತದೆ ಅನ್ನುವುದರಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ಬಟನ್ ಅಂದರೆ ತೊಡೆಮೂಳೆಯ ಹೊರಮೈಯಲ್ಲಿ ಅಡ್ಡ ನಿಲ್ಲುವ ಪುಟ್ಟ ಲೋಹದ ಪಟ್ಟಿ. ಅದರ ಲೂಪಿನಿಂದ ಗ್ರಾಫ್ಟ್ ನೇತಾಡುತ್ತದೆ. ಹ್ಯಾಮ್‌ಸ್ಟ್ರಿಂಗಿಗೆ ಈಗ ಇದೇ ಹೆಚ್ಚು ಬಳಕೆ. ಲೂಪಿನ ಉದ್ದ ಹೊಂದಿಸಿಕೊಳ್ಳಬಹುದಾದ ಬಗೆಯೂ ಇದೆ. ಲ್ಯಾಬ್ ಪರೀಕ್ಷೆಗಳಲ್ಲಿ ಅದು ಸ್ವಲ್ಪ ಸಡಿಲವಾಗಿದ್ದುಂಟು, ರೋಗಿಗಳಲ್ಲಿ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಹಿಡಿತ ಕೀಲಿನಿಂದ ದೂರ ಇರುವುದರಿಂದ ಗ್ರಾಫ್ಟ್ ಕೊಂಚ ಅಲುಗಾಡಿ ಸುರಂಗ ಅಗಲವಾಗಬಹುದು. ಅಡ್ಡಪಿನ್ ಹಾಕುವ ಪದ್ಧತಿ ಈಗ ಕಡಿಮೆಯಾಗಿದೆ.

ಟಿಬಿಯಾ ಕಡೆಯ ಹಿಡಿತವೇ ದುರ್ಬಲ, ಅಲ್ಲಿನ ಮೂಳೆ ಅಷ್ಟು ಗಟ್ಟಿ ಇರುವುದಿಲ್ಲ. ಅದಕ್ಕೇ ಕೆಲವು ಡಾಕ್ಟರುಗಳು ಸ್ಕ್ರೂ ಜೊತೆ ಸ್ಟೇಪಲ್ಲನ್ನೂ ಹಾಕುತ್ತಾರೆ. ಅದು ಚರ್ಮದಡಿ ಚುಚ್ಚಿದರೆ ಮಂಡಿ ಊರುವಾಗ ನೋವು. ಪಟೆಲ್ಲಾರ್ ಗ್ರಾಫ್ಟ್ ತೆಗೆದವರಿಗೂ ಇದೇ ನೋವು ಹೆಚ್ಚು. ಟೈಲ್ಸ್ ಹಾಕುವವರು, ಪ್ಲಂಬಿಂಗ್ ಮಾಡುವವರು, ದಿನಕ್ಕೆ ಐದು ಹೊತ್ತು ನಮಾಜ್ ಮಾಡುವವರು ಇದನ್ನು ಆಪರೇಷನ್ನಿಗೆ ಮೊದಲೇ ಡಾಕ್ಟರಿಗೆ ಹೇಳಿಬಿಡಿ. ಸ್ಕ್ರೂನೋ ಬಟನ್ನೋ ಅನ್ನುವುದಕ್ಕಿಂತ ಈ ಮಾತು ಮುಖ್ಯ.

ಇನ್ನು ರಜೆ ಲೆಕ್ಕ. ಊರಿಗೆ 30 ದಿನದ ರಜೆ ಹಾಕಿ ಆಪರೇಷನ್ ಮುಗಿಸಿ ಬರೋಣ ಅನ್ನುವವರು ಬಹಳ. ಒಂದು ತಿಂಗಳಿಗೆ ನಡೆದಾಡಬಹುದು, ನೋವೂ ಇಳಿದಿರುತ್ತದೆ, ಆದರೆ ಗ್ರಾಫ್ಟ್ ಇನ್ನೂ ಮೂಳೆಗೆ ಕೂಡಿರುವುದಿಲ್ಲ. ಆಫೀಸ್ ಕೆಲಸಕ್ಕೆ ಪರವಾಗಿಲ್ಲ. ಏಣಿ ಹತ್ತುವುದು, ಭಾರ ಹೊರುವುದು ಇದ್ದರೆ 4ರಿಂದ 6 ತಿಂಗಳು, ಆಟಕ್ಕೆ ಕನಿಷ್ಠ 9 ತಿಂಗಳು. ಯುಎಇ ಕಾನೂನಿನಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನ ಸಿಕ್ ಲೀವ್: 15 ದಿನ ಪೂರ್ತಿ ಸಂಬಳ, 30 ದಿನ ಅರ್ಧ, ಉಳಿದ 45 ದಿನ ಸಂಬಳವಿಲ್ಲ. ಕೆಲಸದಲ್ಲೇ ಆದ ಗಾಯವಾದರೆ ಚಿಕಿತ್ಸೆಯ ಅವಧಿಗೆ, 6 ತಿಂಗಳವರೆಗೆ, ಪೂರ್ತಿ ಸಂಬಳ. ಆಟದಲ್ಲಿ ಆದದ್ದು ಇದಕ್ಕೆ ಸೇರುವುದಿಲ್ಲ.

ಭಾರತ ಸರ್ಕಾರ 2017ರಲ್ಲಿ ಮಂಡಿ ಇಂಪ್ಲಾಂಟುಗಳಿಗೆ ಹಾಕಿದ ಬೆಲೆ ಮಿತಿ ಮಂಡಿ ಬದಲಾವಣೆಗೆ ಸಂಬಂಧಿಸಿದ್ದು, ಎಸಿಎಲ್ ಸ್ಕ್ರೂಗಳಿಗಲ್ಲ. ಹಾಗಾಗಿ ಸ್ಕ್ರೂ, ಬಟನ್ ಬೇರೆ ಬೇರೆ ಸಾಲಿನಲ್ಲಿ ಬರೆದ ಬಿಲ್ ಕೇಳಿ, ಪ್ಯಾಕಿನ ಮೇಲಿನ ಎಂಆರ್‌ಪಿ ಜೊತೆ ತಾಳೆ ನೋಡಿ. ಇಂಪ್ಲಾಂಟ್ ಸ್ಟಿಕರನ್ನು ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿಕೊಂಡು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಮತ್ತೆ ಆಪರೇಷನ್ ಬೇಕಾದರೆ, ಒಳಗಿರುವ ಸ್ಕ್ರೂ ಯಾವ ಕಂಪೆನಿಯದು, ಯಾವ ಸೈಜ್ ಅಂತ ಇಲ್ಲಿಯ ಡಾಕ್ಟರಿಗೆ ಗೊತ್ತಾಗುವುದು ಅದರಿಂದಲೇ.