ತಪ್ಪು ಕಾಲೇಜಿನದ್ದು, ಶಿಕ್ಷೆ ವಿದ್ಯಾರ್ಥಿಗೆ: ಅಮೆರಿಕದಲ್ಲಿ ಕಾನೂನಿನ ದಾರಿಗಳೇನು?

ಎಫ್-1 ವೀಸಾದಲ್ಲಿ ಅಮೆರಿಕಕ್ಕೆ ಓದಲು ಹೋದವರ ಹಣೆಬರಹ ಇರೋದು 'ಸೆವಿಸ್' ಎಂಬ ಸರ್ಕಾರಿ ಡೇಟಾಬೇಸ್‌ನಲ್ಲಿ. ಅದಕ್ಕೆ ಮಾಹಿತಿ ತುಂಬುವವರು ಕಾಲೇಜಿನ ಅಧಿಕಾರಿಗಳು. ಇವರನ್ನು ಡಿಎಸ್‌ಒ ಅಂತಾರೆ. ನಿಮ್ಮ ನೋಂದಣಿ ದಾಖಲಿಸಲು ಅವರು ಮರೆತರೆ, ಅಥವಾ 'ಒಂದು ಕೋರ್ಸ್ ಬಿಡಿ, ಪರವಾಗಿಲ್ಲ' ಎಂದು ಬಾಯಲ್ಲಿ ಹೇಳಿ ಸಿಸ್ಟಮ್‌ನಲ್ಲಿ ಅನುಮತಿ ಹಾಕದಿದ್ದರೆ, ನಿಮ್ಮ ಸ್ಟೇಟಸ್ಸೇ ಹೋಗಬಹುದು. ಫೀಸು ಕಟ್ಟಿದ್ದೀರಿ, ಕ್ಲಾಸಿಗೂ ಹೋಗಿದ್ದೀರಿ. ಆದರೂ ದಾಖಲೆಯಲ್ಲಿ ನಿಯಮ ಮುರಿದವರು ನೀವೇ.

ಆಗ ಏನು ಮಾಡಬಹುದು?

1. ದಾಖಲೆ ತಿದ್ದಿಸುವುದು

ಬರೀ ಎಂಟ್ರಿ ತಪ್ಪಾಗಿದ್ದರೆ ಡಿಎಸ್‌ಒ ಸೆವಿಸ್‌ ಮೂಲಕವೇ ತಿದ್ದುಪಡಿ ಕೋರಬಹುದು. ಇದೇ ಸುಲಭದ ದಾರಿ. ಆದರೆ ಕೋರಿಕೆ ಕಾಲೇಜಿನಿಂದಲೇ ಹೋಗಬೇಕು. ಫೋನಲ್ಲಿ ಮಾತಾಡಿ ಸುಮ್ಮನಾಗಬೇಡಿ. ತಪ್ಪು ತಮ್ಮದೆಂದು ಒಪ್ಪುವ ಪತ್ರವನ್ನು ಕೇಳಿ ಪಡೆಯಿರಿ, ಹಳೆಯ ಇಮೇಲ್‌ಗಳನ್ನು ತೆಗೆದಿಡಿ.

2. ಸ್ಟೇಟಸ್ ಮರಳಿ ಪಡೆಯುವುದು

ತಿದ್ದುಪಡಿ ಆಗದಿದ್ದರೆ ಹೊಸ ಐ-20 ಪಡೆದು, ಐ-539 ಫಾರಂನಲ್ಲಿ ವಲಸೆ ಇಲಾಖೆಗೆ ಅರ್ಜಿ ಹಾಕಬೇಕು. ಪರಿಸ್ಥಿತಿ ನಿಮ್ಮ ಕೈಮೀರಿತ್ತು ಎಂದು ತೋರಿಸಬೇಕು. ಇಂಥ ಕಾರಣಗಳ ಪಟ್ಟಿಯಲ್ಲಿ ಡಿಎಸ್‌ಒನ ಅಚಾತುರ್ಯ, ನಿರ್ಲಕ್ಷ್ಯಗಳನ್ನು ನಿಯಮವೇ ಹೆಸರಿಸಿದೆ. ನಿಮ್ಮ ಬಲವಾದ ಅಸ್ತ್ರ ಇದೇ.

ಆದರೆ ಸ್ಟೇಟಸ್ ಹೋದ 5 ತಿಂಗಳೊಳಗೆ ಅರ್ಜಿ ಸಲ್ಲಬೇಕು. ತಡವಾದರೆ ಅಸಾಧಾರಣ ಕಾರಣ ತೋರಿಸಬೇಕು. ಅನುಮತಿಯಿಲ್ಲದೆ ದುಡಿದಿರಬಾರದು. ಅರ್ಜಿ ಬಾಕಿಯಿರುವಾಗ ಓದಬಹುದು, ಕೆಲಸ ಮಾಡುವಂತಿಲ್ಲ. ತಿರಸ್ಕಾರವಾದರೆ ಮೇಲ್ಮನವಿ ಇಲ್ಲ. ಮರುಪರಿಶೀಲನೆ ಮಾತ್ರ ಕೋರಬಹುದು. ಮರುದಿನದಿಂದಲೇ ಅಕ್ರಮ ವಾಸದ ಲೆಕ್ಕ ಶುರುವಾಗುತ್ತೆ. ಅದು 180 ದಿನ ಮೀರಿದ ಮೇಲೆ ದೇಶ ಬಿಟ್ಟರೆ 3 ವರ್ಷ ವಾಪಸ್ ಬರುವ ಹಾಗಿಲ್ಲ.

3. ಹೊರಗೆ ಹೋಗಿ ಮರಳುವುದು

ಹೊಸ ಐ-20 ಪಡೆದು, 350 ಡಾಲರ್ ಸೆವಿಸ್ ಶುಲ್ಕ ಮತ್ತೆ ಕಟ್ಟಿ ಮರುಪ್ರವೇಶ ಕೋರಬಹುದು. ಕೆಲವೊಮ್ಮೆ ಇದು ಬೇಗ ಮುಗಿಯುತ್ತೆ. ಆದರೆ ಒಪಿಟಿಗೆ ಬೇಕಾದ ಒಂದು ಶೈಕ್ಷಣಿಕ ವರ್ಷದ ಎಣಿಕೆ ಮೊದಲಿಂದ ಶುರುವಾಗುತ್ತೆ. ವೀಸಾ ಮತ್ತೆ ಬೇಕಾದರೆ ಅದು ಸಿಗುವ ಖಾತ್ರಿಯೂ ಇಲ್ಲ.

4. ಕೋರ್ಟು

ಸರ್ಕಾರದ ವಿರುದ್ಧ ಫೆಡರಲ್ ಕೋರ್ಟಿಗೆ ಹೋಗಬಹುದು. ಸೆವಿಸ್ ದಾಖಲೆ ರದ್ದತಿಯನ್ನು ನೇರವಾಗಿ ಪ್ರಶ್ನಿಸಬಹುದು ಎಂದು 2019ರ ಫ್ಯಾಂಗ್ ಪ್ರಕರಣದಲ್ಲಿ ಮೂರನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಹೇಳಿದೆ. 2025ರಲ್ಲಿ ಸರ್ಕಾರ ಸಾವಿರಾರು ದಾಖಲೆಗಳನ್ನು ರದ್ದು ಮಾಡಿದಾಗ, ದೇಶದಾದ್ಯಂತ ಮೊಕದ್ದಮೆ ಹೂಡಿದ ಮೇಲೆ ಹಿಂದೆ ಸರಿಯಿತು.

ಕಾಲೇಜಿನ ಮೇಲೆ ನಿರ್ಲಕ್ಷ್ಯ ಅಥವಾ ಒಪ್ಪಂದ ಉಲ್ಲಂಘನೆಯ ದಾವೆ ಹೂಡಬಹುದು. ಗೆದ್ದರೆ ಪರಿಹಾರ ಸಿಗುತ್ತೆ, ಸ್ಟೇಟಸ್ ಸಿಗಲ್ಲ. ಸರ್ಕಾರಿ ವಿವಿಗಳಿಗೆ ಕಾನೂನಿನ ರಕ್ಷಣೆಯೂ ಇದೆ, ನೋಟಿಸ್ ಗಡುವೂ ಚಿಕ್ಕದು. ಹಾಗಾಗಿ ವಲಸೆ ವಕೀಲರನ್ನು ಮೊದಲ ವಾರದಲ್ಲೇ ನೋಡಿ. ಕಾಲೇಜಿನ ವಕೀಲರು ಕಾಯೋದು ಕಾಲೇಜಿನ ಹಿತವನ್ನು.

2023-24ರಲ್ಲಿ ಅಮೆರಿಕದ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ಹೆಚ್ಚಿನವರು ಭಾರತೀಯರೇ, 3.3 ಲಕ್ಷಕ್ಕೂ ಮಿಗಿಲು. ಇವರ ಫೀಸಿನಿಂದ ನಡೆಯುವ ಕಾಲೇಜುಗಳು ತಮ್ಮ ತಪ್ಪಿನ ಖರ್ಚನ್ನು ತಾವೇ ಭರಿಸಬೇಕು ಎಂದು ವಿದ್ಯಾರ್ಥಿ ಸಂಘಟನೆಗಳು ಈಗಲೇ ಪಟ್ಟು ಹಿಡಿಯಬೇಕು.