ಗ್ರಾಫಿಕ್ಸ್ ಡ್ರೈವರ್: ಬೀಗ ಜಾಗ ಬದಲಿಸಿದೆ, ಅಷ್ಟೇ

ಎನ್ವಿಡಿಯಾ ಕಾರ್ಡ್ ಇರುವ ಲಿನಕ್ಸ್ ಕಂಪ್ಯೂಟರಿನ ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಪಿಸಿಐ -ಕೆ’ ಎಂದು ಹೊಡೆದರೆ, ಕಾರ್ಡನ್ನು ನಡೆಸುತ್ತಿರುವ ಡ್ರೈವರಿನ ಹೆಸರು ಸಿಗುತ್ತದೆ. ‘ನೂವೋ’ ಎಂದಿದ್ದರೆ ಅದು ಸಮುದಾಯ ಕಟ್ಟಿದ ಮುಕ್ತ ಡ್ರೈವರ್. ‘ಎನ್ವಿಡಿಯಾ’ ಎಂದಿದ್ದರೆ ಕಂಪನಿಯದು. ಕೆಲವು ವರ್ಷಗಳ ಹಿಂದಿನವರೆಗೆ ಇಷ್ಟು ತಿಳಿದರೆ ಸಾಕಿತ್ತು. ಈಗ ಕಂಪನಿಯ ಡ್ರೈವರಿನಲ್ಲೇ ಮುಕ್ತ, ಮುಚ್ಚಿದ ಎಂಬ ಎರಡು ಬಗೆಗಳಿವೆ, ಎರಡಕ್ಕೂ ಹೆಸರು ಒಂದೇ. ಯಾವುದೆಂದು ತಿಳಿಯಲು ‘ಮಾಡ್‌ಇನ್ಫೋ’ ಕೊಟ್ಟು ಲೈಸೆನ್ಸ್ ಸಾಲು ನೋಡಬೇಕು.

ಬ್ರಯಾನ್ ಪಾಲ್ 1993ರಲ್ಲಿ ‘ಮೆಸಾ’ ಬರೆಯಲು ಕೂತಾಗ ಈ ತಲೆನೋವು ಇರಲಿಲ್ಲ. ಅದು ಮೂರು ಆಯಾಮದ ಚಿತ್ರವನ್ನು ಸಿಪಿಯುವಿನಿಂದಲೇ ಬರೆಸುತ್ತಿತ್ತು. ವೇಗವರ್ಧಕ ಕಾರ್ಡುಗಳು ಬಂದ ಮೇಲೆ ಗೋಜಲು ಶುರುವಾಯಿತು. ಚಿಪ್ಪಿನ ಯಾವ ರಿಜಿಸ್ಟರಿಗೆ ಯಾವ ಸಂಖ್ಯೆ ಬರೆದರೆ ಏನಾಗುತ್ತದೆ ಎಂಬುದನ್ನು ಕಂಪನಿಗಳು ಗುಟ್ಟಾಗಿಟ್ಟವು. ಬೇರೆಯವರಿಂದ ಪರವಾನಗಿ ಪಡೆದ ಕೋಡ್, ಪೇಟೆಂಟ್ ಭಯ, ಪ್ರತಿಸ್ಪರ್ಧಿಯ ಕಣ್ಣು ಎಂದೆಲ್ಲ ಕಾರಣಗಳಿದ್ದವು, ಸುಳ್ಳೇನಲ್ಲ. ಎನ್ವಿಡಿಯಾ ವಿಂಡೋಸಿಗೂ ಲಿನಕ್ಸಿಗೂ ಬಹುಪಾಲು ಒಂದೇ ಕೋಡ್ ಬಳಸಿ ಕೊಟ್ಟ ಮುಚ್ಚಿದ ಡ್ರೈವರ್ ವೇಗದಲ್ಲಿ ನಿಜಕ್ಕೂ ಚೆನ್ನಾಗಿತ್ತು. ಎಟಿಐ ಕಂಪನಿಯ ‘ಎಫ್‌ಜಿಎಲ್‌ಆರ್‌ಎಕ್ಸ್’ ಡ್ರೈವರಿನ ಬಗ್ಗೆ ಹಳೆಯ ಬಳಕೆದಾರರನ್ನು ಕೇಳದಿರುವುದೇ ಒಳ್ಳೆಯದು.

2005ರಲ್ಲಿ ಸ್ಟೆಫಾನ್ ಮಾರ್ಶೆಸಾನ್ ನೂವೋ ಶುರು ಮಾಡಿದರು. ‘ಎನ್‌ವಿ’ ಎಂದು ಟೈಪಿಸಿದರೆ ಅವರ ಚಾಟ್ ತಂತ್ರಾಂಶ ಅದನ್ನು ಫ್ರೆಂಚಿನ ‘ನೂವೋ’ ಎಂದು ತಿದ್ದುತ್ತಿತ್ತಂತೆ, ಹೆಸರು ಹುಟ್ಟಿದ್ದು ಹಾಗೆ. ಕೆಲಸದ ರೀತಿ ಇನ್ನೂ ಸ್ವಾರಸ್ಯದ್ದು: ಮುಚ್ಚಿದ ಡ್ರೈವರನ್ನು ಓಡಲು ಬಿಟ್ಟು, ಅದು ಕಾರ್ಡಿಗೆ ಏನೇನು ಬರೆಯುತ್ತದೆ ಎಂದು ದಾಖಲಿಸಿಕೊಳ್ಳುವುದು, ಒಂದು ಸಣ್ಣ ಬದಲಾವಣೆ ಮಾಡಿ ಮತ್ತೆ ದಾಖಲಿಸುವುದು, ಎರಡನ್ನೂ ಹೋಲಿಸುವುದು. ಅಡುಗೆಭಟ್ಟರು ಹೇಳಿಕೊಡದ ಹುಳಿಪುಡಿಯ ಅಳತೆಯನ್ನು ಬಾಗಿಲ ಸಂದಿಯಿಂದ ನೋಡಿ ಬರೆದುಕೊಂಡ ಹಾಗೆ. ಹೀಗೆ ಕಲಿತದ್ದೇ 2010ರ ಹೊತ್ತಿಗೆ ಲಿನಕ್ಸ್ ಕರ್ನಲ್ ಸೇರಿತು.

ಆ ಹೊತ್ತಿಗೆ ಇನ್ನೊಂದು ಪಾಳಯದಲ್ಲಿ ಗಾಳಿ ತಿರುಗಿತ್ತು. ಎಟಿಐಯನ್ನು 2006ರಲ್ಲಿ ಕೊಂಡ ಎಎಂಡಿ, ಮರುವರ್ಷವೇ ಚಿಪ್ಪುಗಳ ದಾಖಲೆ ಬಿಡುಗಡೆ ಮಾಡುವುದಾಗಿ ಸಾರಿತು. 2015ರಲ್ಲಿ ‘ಎಎಂಡಿಜಿಪಿಯು’ ಡ್ರೈವರ್ ಕರ್ನಲ್ಲಿನೊಳಕ್ಕೇ ಬಂತು. ಕರ್ನಲ್ಲಿನ ಒಳಗಿರುವುದರ ಲಾಭ ಬಳಸಿದವರಿಗೇ ಗೊತ್ತು: ಕರ್ನಲ್ಲಿನ ಒಳವಿನ್ಯಾಸ ಬದಲಿಸಿದವರೇ ಡ್ರೈವರನ್ನೂ ಸರಿಪಡಿಸಬೇಕು. ಹೊರಗಿನ ಡ್ರೈವರ್ ಪ್ರತಿ ಕರ್ನಲ್ ಅಪ್‌ಡೇಟಿಗೂ ಮತ್ತೆ ಕಂಪೈಲ್ ಆಗಬೇಕು. ಅದು ಕೈಕೊಟ್ಟ ಬೆಳಿಗ್ಗೆ ಕಪ್ಪು ಪರದೆಯ ಮೂಲೆಯಲ್ಲೊಂದು ಕರ್ಸರ್ ಮಿಣುಕುತ್ತಿರುತ್ತದೆ. ಎಎಂಡಿ ಕಾರ್ಡಿಗೆ ಇವತ್ತು ಜನ ಮೆಚ್ಚಿ ಬಳಸುವ, ವಲ್ಕನ್ ಎಂಬ ಗ್ರಾಫಿಕ್ಸ್ ಮಾನಕದ ಡ್ರೈವರ್ ‘ಆರ್‌ಎಡಿವಿ’ಯನ್ನು 2016ರಲ್ಲಿ ಶುರು ಮಾಡಿದ್ದು ಕಂಪನಿಯಲ್ಲ, ಹೊರಗಿನವರು. 2022ರ ಸ್ಟೀಮ್ ಡೆಕ್ ಎಂಬ ಆಟದ ಸಾಧನ ಓಡುವುದೂ ಅದರ ಮೇಲೆಯೇ. ಇಂಟೆಲ್ ಮೊದಲಿನಿಂದಲೂ ಹೆಚ್ಚುಕಡಿಮೆ ಮುಕ್ತ ದಾರಿಯಲ್ಲೇ ಇದೆ. ಇವೆರಡರ ಮಟ್ಟಿಗೆ ಆಯ್ಕೆಯ ಪ್ರಶ್ನೆ ಮುಗಿದ ಅಧ್ಯಾಯ.

ಎನ್ವಿಡಿಯಾ ಮಾತ್ರ ಜಗ್ಗಲಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಕ್ಸ್ ಕರ್ನಲ್ಲಿನ ಕರ್ತೃ ಲೈನಸ್ ಟೋರ್ವಾಲ್ಡ್ಸ್ ಕ್ಯಾಮೆರಾಗೆ ಮಧ್ಯದ ಬೆರಳು ತೋರಿಸಿ ಬೈದದ್ದು ಈಗ ದಂತಕಥೆ. ಬೈಗುಳಕ್ಕಿಂತ ದೊಡ್ಡ ಪೆಟ್ಟು 2014ರ ಜಿಟಿಎಕ್ಸ್ 900 ಸರಣಿಯಿಂದ ಬಿತ್ತು. ಕಂಪನಿಯ ಸಹಿಯಿಲ್ಲದ ಫರ್ಮ್‌ವೇರನ್ನು ಕಾರ್ಡ್ ಒಪ್ಪುತ್ತಿರಲಿಲ್ಲ. ಸಹಿಯಿಲ್ಲದೆ ನೂವೋ ಕಾರ್ಡಿನ ಕ್ಲಾಕ್ ಏರಿಸುವಂತಿಲ್ಲ. ಬೂಟ್ ಆದ ವೇಗದಲ್ಲೇ ತೆವಳಬೇಕು.

2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಮಾಡ್ಯೂಲುಗಳ ಮೂಲಸಂಕೇತವನ್ನು ಮುಕ್ತಗೊಳಿಸಿದಾಗ ಹಬ್ಬವೇ ಆಯಿತು. ನನಗೆ ಅರ್ಧ ಮಾತ್ರ ಸಂತೋಷ. ಟ್ಯೂರಿಂಗ್ ಮತ್ತು ನಂತರದ ಪೀಳಿಗೆಗಳ ಕಾರ್ಡುಗಳಲ್ಲಿ ‘ಜಿಎಸ್‌ಪಿ’ ಎಂಬ ಪುಟ್ಟ ಪ್ರೊಸೆಸರ್ ಇದೆ. ಹಿಂದೆ ಡ್ರೈವರಿನಲ್ಲಿದ್ದ ಗುಟ್ಟುಗಳಲ್ಲಿ ಬಹಳಷ್ಟು ಹತ್ತಾರು ಎಂಬಿಯ ಫರ್ಮ್‌ವೇರಾಗಿ ಅದರೊಳಗೆ ಹೋಗಿ ಕೂತವು. ಓಪನ್‌ಜಿಎಲ್, ವಲ್ಕನ್, ‘ಕೂಡಾ’ (CUDA) ಇರುವ ಮೇಲಿನ ಪದರವೂ ಮುಚ್ಚಿಯೇ ಇದೆ. ನ್ಯಾಯವಾಗಿ ಹೇಳಬೇಕೆಂದರೆ ಎಎಂಡಿ ಕಾರ್ಡಿಗೂ ಮುಚ್ಚಿದ ಫರ್ಮ್‌ವೇರ್ ಬೇಕೇಬೇಕು. ಆದರೂ ಎನ್ವಿಡಿಯಾದ ಈ ನಡೆಯಿಂದ ಉಪಕಾರವಾಯಿತು: ಅದೇ ಜಿಎಸ್‌ಪಿ ಕ್ಲಾಕ್ ನೋಡಿಕೊಳ್ಳುವುದರಿಂದ ನೂವೋಗೂ ವೇಗ ಸಿಕ್ಕಿತು, ಅದರ ಮೇಲೆ ಮೆಸಾದಲ್ಲಿ ‘ಎನ್‌ವಿಕೆ’ ಎಂಬ ಮುಕ್ತ ವಲ್ಕನ್ ಡ್ರೈವರ್ ಬೆಳೆಯಿತು. ರಸ್ಟ್ ಭಾಷೆಯಲ್ಲಿ ‘ನೋವಾ’ ಎಂಬ ಹೊಸ ಕರ್ನಲ್ ಡ್ರೈವರ್ ತಯಾರಾಗುತ್ತಿದೆ. ಬ್ಲ್ಯಾಕ್‌ವೆಲ್ ಪೀಳಿಗೆಯ ಕಾರ್ಡುಗಳಿಗಂತೂ ಎನ್ವಿಡಿಯಾದ ಮುಚ್ಚಿದ ಮಾಡ್ಯೂಲ್ ಇಲ್ಲವೇ ಇಲ್ಲ.

ಹಾಗಾದರೆ ಯಾವುದನ್ನು ಹಾಕಿಕೊಳ್ಳಬೇಕು? ‘ಕೂಡಾ’ ಬೇಕಿರುವವರು, ಅಂದರೆ ಎಐ ಮಾಡೆಲ್ ತರಬೇತಿ ಅಥವಾ ಬ್ಲೆಂಡರ್ ರೆಂಡರಿಂಗಿನವರು, ಕಂಪನಿಯದನ್ನೇ ಹಾಕಲಿ. ಟ್ಯೂರಿಂಗ್ ಅಥವಾ ನಂತರದ ಕಾರ್ಡಾದರೆ ಅದರ ಮುಕ್ತ ಮಾಡ್ಯೂಲ್ ಆರಿಸಿಕೊಳ್ಳಲಿ. ಬ್ರೌಸರ್, ಆಫೀಸು, ವಿಡಿಯೊ ಇಷ್ಟೇ ಸಾಕೆನ್ನುವವರಿಗೆ ನೂವೋ ಸಾಕು. ತೊಂದರೆ ಇರುವುದು ಮಧ್ಯದವರಿಗೆ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೈಗೆಟಕುವ ಬೆಲೆಗೆ ಸಿಗುವ ಜಿಟಿಎಕ್ಸ್ 1060 ನೋಡಿ. ಅದರಲ್ಲಿ ಜಿಎಸ್‌ಪಿ ಇಲ್ಲ, ಹಾಗಾಗಿ ಕಂಪನಿಯ ಮುಕ್ತ ಮಾಡ್ಯೂಲ್ ಅದಕ್ಕೆ ಆಗದು. ನೂವೋ ಹಾಕಿದರೆ ಕ್ಲಾಕ್ ಏರದು. ಮುಚ್ಚಿದ ಡ್ರೈವರಿನಲ್ಲೋ, 580 ಸರಣಿಯೇ ಅದಕ್ಕೆ ಕೊನೆಯದು. ಅತ್ತ ದರಿ, ಇತ್ತ ಪುಲಿ. ಕಾರ್ಡ್ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ, ಫ್ಯಾನು ತಿರುಗುತ್ತಿದೆ.