ಸೇಂದಿ, ಸಾರಾಯಿ ಮತ್ತು ಒಂದು ಪರದೇಶಿ ಎಲೆ

ಮೊನ್ನೆ ಅಮೆರಿಕದಲ್ಲಿರುವ ನಮ್ಮಣ್ಣನ ಮಗ ಫೋನು ಮಾಡಿದ್ದ. ಅದೂ ಇದೂ ಮಾತಾಡಿ ಕೊನೆಗೆ, "ಕಾಕಾ, ಇಲ್ಲಿ ಕ್ರೇಟಮ್ ಅಂತ ಒಂದು ಎಲಿ ಪುಡಿ ಸಿಗ್ತದ. ಶೆರೆಕ್ಕಿಂತ ಸೇಫ್ ಅಂತಾರ, ಖರೇ ಏನು?" ಅಂದ. ತಕ್ಷಣ ಉತ್ತರ ಹೊಳೆಯಲಿಲ್ಲ. ನೆನಪಾದದ್ದು ನಮ್ಮೂರ ಸೇಂದಿ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಸೇಂದಿ ಹೊಸದಲ್ಲ. ಈಚಲ ಗಿಡದಿಂದ ಇಳಿಸಿದ ನೀರು ಹುಳಿತರೆ ಅದರಲ್ಲಿ ಆಲ್ಕೋಹಾಲ್ ಶೇ. 4-5ರಷ್ಟು. 1948ರವರೆಗೆ ನಾವು ನಿಜಾಮರ ರಾಜ್ಯದವರು. ಅಲ್ಲಿ ಸೇಂದಿ, ಸಾರಾಯಿಗಳ ಅಬಕಾರಿ ಖಜಾನೆಗೆ ದೊಡ್ಡ ಆದಾಯ. ಆಮೇಲೆ ಸರ್ಕಾರ ಬದಲಾಯಿತು, ಗುತ್ತಿಗೆ ಬದಲಾಗಲಿಲ್ಲ. ಸೇಂದಿಗಿಂತ ಎಷ್ಟೋ ಪಟ್ಟು ಖಡಕ್ ಆದ ಪ್ಯಾಕೆಟ್ ಸಾರಾಯಿ ನಮ್ಮ ರಾಜ್ಯದಲ್ಲಿ 2007ರ ಜುಲೈ 1ರವರೆಗೂ ಕಾನೂನುಬದ್ಧವಾಗಿಯೇ ಮಾರಾಟವಾಯಿತು. ನಿಷೇಧವಾದ ಮರುವರ್ಷ, 2008ರ ಮೇನಲ್ಲಿ, ಬೆಂಗಳೂರು-ಕೋಲಾರ-ಹೊಸೂರು ಕಡೆ ಕಳ್ಳಬಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು.

ಗಾಂಜಾ ಕತೆ ಇನ್ನೂ ತಮಾಷೆ. 1893ರಲ್ಲಿ ಬ್ರಿಟಿಷರು ನೇಮಿಸಿದ ಆಯೋಗ, ಮಿತವಾಗಿ ಸೇದುವವರಿಗೆ ಹೇಳಿಕೊಳ್ಳುವ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಎಂದಿತ್ತು. 1985ರ ಕಾನೂನು ಅದೇ ಗಾಂಜಾಕ್ಕೆ ಜೈಲು ಎಂದಿತು. ಆದರೆ ಅದೇ ಗಿಡದ ಎಲೆಯನ್ನು, ಅಂದರೆ ಭಂಗಿಯನ್ನು, ಬಿಟ್ಟಿತು. ಯಾವುದು ಎಷ್ಟು ಅಪಾಯ ಅನ್ನೋದಕ್ಕೂ ಯಾವುದಕ್ಕೆ ಎಷ್ಟು ಶಿಕ್ಷೆ ಅನ್ನೋದಕ್ಕೂ ಸಂಬಂಧ ಅಷ್ಟಕ್ಕಷ್ಟೇ.

ಕ್ರೇಟಮ್ ಕೂಡ ಹೀಗೇ ನೋಡಿ. ಕಾಫಿಯ ಕುಟುಂಬಕ್ಕೆ ಸೇರಿದ ಮರ. ಥಾಯ್ಲೆಂಡ್, ಮಲೇಷ್ಯಾದ ಕೂಲಿಗಳು ದಣಿವಾರಿಸಲು ಎಲೆ ಅಗಿಯುತ್ತಿದ್ದರು. ಸ್ವಲ್ಪ ತಿಂದರೆ ಹುರುಪು, ಜಾಸ್ತಿ ತಿಂದರೆ ಅಫೀಮಿನ ಹಾಗೆ ಮಂಪರು. 1943ರಲ್ಲಿ ಥಾಯ್ಲೆಂಡ್ ಅದನ್ನು ನಿಷೇಧಿಸಿತು. ಅಫೀಮಿನ ತೆರಿಗೆ ತಪ್ಪುತ್ತಿತ್ತು ಅನ್ನೋದೇ ದೊಡ್ಡ ಕಾರಣ ಅಂತಾರೆ. 2021ರಲ್ಲಿ ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದರು.

ಹಾಗಾದರೆ ಸೇಫಾ? ತಂಬಾಕು ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ಮದ್ಯ 2019ರಲ್ಲಿ 26 ಲಕ್ಷ. ಅಮೆರಿಕದಲ್ಲಿ 2016-17ರ ಹದಿನೆಂಟು ತಿಂಗಳಲ್ಲಿ ಪರಿಶೀಲಿಸಿದ 27,338 ಮಿತಿಮೀರಿದ ಸೇವನೆಯ ಸಾವುಗಳಲ್ಲಿ ಕ್ರೇಟಮ್ ಸಿಕ್ಕಿದ್ದು 152ರಲ್ಲಿ, ಕಾರಣ ಎಂದು ಬರೆದದ್ದು 91ರಲ್ಲಿ, ಕ್ರೇಟಮ್ ಒಂದೇ ಇದ್ದದ್ದು 7ರಲ್ಲಿ. ಉಳಿದವರಲ್ಲಿ ಬೇರೆ ಮದ್ದೂ ಬೆರೆತಿತ್ತು. ತಿನ್ನುವವರೂ ಕಡಿಮೆಯಾದ್ದರಿಂದ ಈ ಲೆಕ್ಕವನ್ನು ತಕ್ಕಡಿಗೆ ಹಾಕುವುದು ಸರಿಯಲ್ಲ. ಈಗ ಎಲೆ ಹೋಗಿ ಅದರ ಸಾರ ತೆಗೆದ ಮಾತ್ರೆ ಬಂದಿದೆ. 2025ರ ಜುಲೈನಲ್ಲಿ ಅಲ್ಲಿನ ಔಷಧ ಇಲಾಖೆಯೇ 7-ಹೈಡ್ರಾಕ್ಸಿಮಿಟ್ರಾಗೈನಿನ್ ಎಂಬ ಅಂಥ ಮಾಲಿಗೆ ಕಡಿವಾಣ ಬೇಕೆಂದಿತು.

ಇದನ್ನು ಓದುವಾಗ ನಮ್ಮ ಕಾಕಾ ಕಣ್ಣಮುಂದೆ ಬಂದ. ತೊಂಬತ್ತರ ದಶಕದ ಕೊನೆ. "ಗಿಡದ ನೀರು ಅದ ತಮ್ಮಾ, ಏನೂ ಆಗಂಗಿಲ್ಲ" ಅನ್ನುತ್ತಿದ್ದ. ಅಷ್ಟೊತ್ತಿಗೆ ಸೇಂದಿಗೆ ಗಿಡವೇ ಬೇಕಿರಲಿಲ್ಲ. ನೀರು, ಸ್ಯಾಕರಿನ್, ಒಂದು ಬಿಳಿ ಪುಡಿ. ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್. ನಿದ್ದೆ ಬರಿಸುವ ಮದ್ದು. ಒಮ್ಮೆ ದಾಳಿಯಾಗಿ ನಾಲ್ಕು ದಿನ ಸೇಂದಿ ಸಿಗಲಿಲ್ಲ. ಮೂರನೇ ದಿನ ಕಾಕಾನಿಗೆ ಫಿಟ್ಸ್ ಬಂತು, ಗೋಡೆಯ ಮೇಲೆ ಹಾವು ಕಂಡವು. ಟಂಟಂನಲ್ಲಿ ಕಲಬುರಗಿಗೆ ಒಯ್ಯುವಷ್ಟರಲ್ಲಿ ತೀರಿಕೊಂಡ. ಕುಡಿತ ಕೊಂದಿತು ಅಂದರು ಜನ. ಕೊಂದದ್ದು ಏನು ಅಂತ ಯಾರೂ ಕೇಳಲಿಲ್ಲ.

ಹುಡುಗನಿಗೆ ಇಷ್ಟೇ ಹೇಳಿದೆ: "ಶೆರೆಕ್ಕಿಂತ ಕಮ್ಮಿ ಕೇಡು ಇರಬಹುದು. ಆದರ ಚಟ ಹತ್ತತದ, ಲಿವರ್ ಕೆಡಬಹುದು, ನಿದ್ದಿ ಗುಳಿಗಿ ಜೋಡಿ ತಗೊಂಡ್ರ ಉಸಿರೇ ನಿಲ್ಲಬಹುದು. ಡಬ್ಬಿಯೊಳಗ ಏನದ ಅಂತ ನಿನಗ ಗೊತ್ತದ ಏನು?"

ಅವನು ಸುಮ್ಮನಾದ. ಆಮೇಲೆ ಮೆಲ್ಲಗೆ, "ಸಣ್ಣಜ್ಜಗ ಹಂಗ ಆಗಿತ್ತಂತ ನಮಗ ಯಾರೂ ಹೇಳೇ ಇಲ್ಲಲ್ಲ ಕಾಕಾ" ಅಂದ. ಹೌದು, ಹೇಳಿರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಗಳಲ್ಲೂ ಇಂಥದ್ದು ಇದ್ದರೆ ಮಕ್ಕಳಿಗೆ ಹೇಳಿ.